ಜೋಡಿ ತೂತಿನ ಹುಳ

"ಹತ್ತೊಂಬತ್ತು!"

ಇನ್ಸ್‌ಪೆಕ್ಟರು ಹಿತ್ತಲ ಬಾಗಿಲಲ್ಲೇ ನಿಂತು ಕೂಗಿದರು. ಕೂಗಿದ ಮೇಲೆ ಕೋಸಿನ ಮಡಿಗೆ ಹೋಗಿ, ಬಗ್ಗಿ, ಎಲೆ ತಿರುವಿ ಎಣಿಸಿದರು. ಸರಿಯಾಗಿ ಹತ್ತೊಂಬತ್ತು ತೂತು.

"ಕೋಸಿಗೆ ಹುಳ ಬಿದ್ದಿದೆ ಕಣೇ! ಇನ್ನು ನನಗೆ ಪುರುಸೊತ್ತಿಲ್ಲ."

ಒಳಗೆ ಪಾತ್ರೆ ಉಜ್ಜುತ್ತಿದ್ದ ಹೆಂಡತಿ "ಅಯ್ಯೋ ಪಾಪ" ಎಂದರು. ಯಾರು ಪಾಪ ಎಂದು ಹೇಳಲಿಲ್ಲ.

ಅವರು ಪೊಲೀಸ್ ಇನ್ಸ್‌ಪೆಕ್ಟರಲ್ಲ. ಬೋಲ್ಟ್ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಬೋಲ್ಟುಗಳ ಐಬು ಹುಡುಕಿ ನಿವೃತ್ತರಾದವರು. ಅದಾಗಿ ಒಂದು ತಿಂಗಳು. ಆ ತಿಂಗಳು ಪೂರ್ತಿ ಅವರ ಕೈಗೆ ಸಿಕ್ಕಿದ್ದು ಅಡುಗೆಮನೆ. ಕುಕ್ಕರಿನ ಸೀಟಿಗೆ ಗಡಿಯಾರ ಹಿಡಿದರು. ಹೆಚ್ಚಿದ ಬೀನ್ಸಿನ ಉದ್ದ ಅಳೆದರು. ಉಪ್ಪಿನ ಡಬ್ಬಿಯನ್ನು ಬಲದಿಂದ ಎಡಕ್ಕೆ ಸರಿಸಿದರು. ಕಡೆಗೊಂದು ದಿನ ಹೆಂಡತಿ ಸೌಟು ಕೆಳಗಿಟ್ಟು ಕೇಳಿದ್ದರು: "ರೀ, ನಿಮಗೆ ಬೇರೆ ಏನೂ ಕೆಲಸ ಇಲ್ವಾ?"

ಆ ಮಾತು ಎದೆಗೆ ನಾಟಿತ್ತು. ಕೆಲಸವಿಲ್ಲದ ಮನುಷ್ಯ ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಅವರ ಪಾಲಿಗೆ ಇನ್ನೊಂದಿರಲಿಲ್ಲ. ಹುಳ ಬಂದಿದ್ದು ಅದರ ಮರುದಿನ.

ಆ ದಿನವೆಲ್ಲ ಅವರು ಹಿತ್ತಲಲ್ಲೇ ಇದ್ದರು. ಭೂತಗನ್ನಡಿ ಬಂತು, ಹೊಸ ರಿಜಿಸ್ಟರು ಬಂತು. ಗಿಡಕ್ಕೊಂದು ನಂಬರು ಬರೆದು ಚೀಟಿ ಕಟ್ಟಿದರು. ಶಿಳ್ಳೆ ಹಾಕುತ್ತ ಸೋಪಿನ ನೀರು ಚಿಮುಕಿಸಿದರು. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಸದ್ದಿಲ್ಲದೆ ಬಲಕ್ಕೆ ಮರಳಿತು.

ಮಾರನೇ ಬೆಳಿಗ್ಗೆ ಇಪ್ಪತ್ತೆರಡು ಹೊಸ ತೂತು.

ಇನ್ಸ್‌ಪೆಕ್ಟರ ಮುಖ ಬಿಳಿಚಿಕೊಂಡಿತು. ಕೂಗಲಿಲ್ಲ, ಶಿಳ್ಳೆಯನ್ನೂ ಹಾಕಲಿಲ್ಲ. ಮೂರು ಸಲ ಎಣಿಸಿ, ಕುರ್ಚಿ ತರಿಸಿಕೊಂಡು ಕೂತರು. "ಇದು ಹೇಗೆ ಸಾಧ್ಯ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

ಆಮೇಲೆ ಇಪ್ಪತ್ತಾರು. ಆಮೇಲೆ ಮೂವತ್ತು. ಬೇವಿನೆಣ್ಣೆ ಹೊಡೆದರು, ಬೂದಿ ಎರಚಿದರು, ಬೆಳ್ಳುಳ್ಳಿ ಮೆಣಸಿನಕಾಯಿ ಅರೆದು ಸುರಿದರು. ಹಳದಿ ಅಂಟುಹಾಳೆ ತೂಗುಹಾಕಿದರೆ ಅದಕ್ಕೆ ಸಿಕ್ಕಿಬಿದ್ದಿದ್ದು ಅವರ ಅಂಗಿಯ ತೋಳು. ಹುಳ ಮಾತ್ರ ಕಣ್ಣಿಗೂ ಬೀಳಲಿಲ್ಲ. ಅಳೆದು ನೋಡಿದರು. ಹೊಸ ತೂತುಗಳೆಲ್ಲ ಆರೇ ಮಿಲಿಮೀಟರ್, ಎಲೆಯ ಅಂಚಿನಲ್ಲೇ, ಜೋಡಿ ಜೋಡಿಯಾಗಿ. ಎರಡರ ನಡುವೆ ಎಂಟು ಸೆಂಟಿಮೀಟರ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಂಥ ಶಿಸ್ತನ್ನು ಅವರು ಕಾರ್ಖಾನೆಯಲ್ಲೂ ಕಂಡಿರಲಿಲ್ಲ.

ನರ್ಸರಿಯವನನ್ನು ಕರೆಸಿದರು. ಅವನು ಎಲೆಗಳನ್ನು ಬೆಳಕಿಗೆ ಹಿಡಿದು ತೀರ್ಪು ಕೊಟ್ಟ.

"ಸಾರ್, ಇಲ್ಲಿರೋದು ಎರಡು ಹುಳ. ಮೊದಲನೇ ದಿನ ಬಂದಿದ್ದು ಅಡ್ಡಾದಿಡ್ಡಿ ಹರಿದು ಹಾಕಿದೆ, ಅದಕ್ಕೆ ಕೆಲಸ ಬರಲ್ಲ. ಎರಡನೇದು ಬಲು ಅಚ್ಚುಕಟ್ಟು."

ಇನ್ಸ್‌ಪೆಕ್ಟರಿಗೆ ರೇಗಿತು. "ಮೊದಲನೇದಕ್ಕೆ ಕೆಲಸ ಬರಲ್ಲ ಅಂತ ನಿನಗೆ ಯಾರಪ್ಪ ಹೇಳಿದ್ದು?"

"ನೋಡಿದ್ರೇ ಗೊತ್ತಾಗುತ್ತಲ್ಲ ಸಾರ್. ಅದು ಗಂಡಿರಬೇಕು."

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು.

ಎರಡು ವಾರ ಕಳೆಯುವಷ್ಟರಲ್ಲಿ ಇನ್ಸ್‌ಪೆಕ್ಟರು ಸೋತು ಸುಣ್ಣವಾದರು. ರಿಜಿಸ್ಟರು ಮುಚ್ಚಿ ಹೇಳಿದರು: "ನನ್ನ ಕೈಲಾಗಲ್ಲ ಕಣೇ. ನಾಳೆ ಗಿಡ ಎಲ್ಲ ಕಿತ್ತು ಹಾಕ್ತೀನಿ. ಆಮೇಲೆ ಹೇಗೂ ಅಡುಗೆಮನೆ ಇದೆಯಲ್ಲ."

ಹೆಂಡತಿಯ ಕೈಯಿಂದ ಲೋಟ ಜಾರಿತು. "ಬೇಡ ರೀ! ಇನ್ನೊಂದೇ ಒಂದು ದಿನ ನೋಡಿ. ಹುಳ ಸಿಕ್ಕೇ ಸಿಗುತ್ತೆ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಇನ್ಸ್‌ಪೆಕ್ಟರು ತಲೆಗೆ ಗೋಣಿಚೀಲ ಹೊದ್ದು ನೀರಿನ ಡ್ರಮ್ಮಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕಾಲು ಜೋಮು ಹಿಡಿಯಿತು. ಆಗ ಕೋಸಿನ ಮಡಿಯಿಂದ ಸದ್ದು ಕೇಳಿಸಿತು. ಕಟಕ್. ಮತ್ತೆ ಕಟಕ್.

ಹುಳಕ್ಕೆ ಇಷ್ಟು ಗಟ್ಟಿ ಹಲ್ಲೇ? ಅವರು ಒಂದೇ ನೆಗೆತಕ್ಕೆ ಎದ್ದು ನಿಂತರು.

ಹೆಂಡತಿ ಬೆಚ್ಚಿಬಿದ್ದರು. ಒಂದು ಕೈಯಲ್ಲಿ ಕೋಸಿನ ಎಲೆ. ಇನ್ನೊಂದರಲ್ಲಿ ಫೈಲಿನ ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮೆಷಿನ್.

"ನೀನಾ?"

"ಕೂಗ್ಬೇಡಿ, ಹೇಳ್ತೀನಿ." ಅವರ ಕಣ್ಣು ತುಂಬಿ ಬಂತು. "ಮೊದಲನೇ ದಿನ ನೀವು ಶಿಳ್ಳೆ ಹಾಕ್ಕೊಂಡು ಕೆಲಸ ಮಾಡಿದ್ರಿ. ಅದನ್ನ ಕೇಳಿ ಎಷ್ಟು ದಿನ ಆಗಿತ್ತು! ನನಗೂ ಅಡುಗೆಮನೇಲಿ ನೆಮ್ಮದಿ. ಮಾರನೇ ದಿನ ಎದ್ದು ಬಂದು ನೋಡ್ತೀನಿ, ಒಂದೇ ಒಂದು ಹೊಸ ತೂತಿಲ್ಲ. ನೀವು ಮತ್ತೆ ಮಂಕಾಗಿ ಕೂತ್ಬಿಡ್ತೀರಲ್ಲ ಅಂತ ಸಂಕಟ ಆಯ್ತು, ಅದಕ್ಕೇ... ಈ ಹಿತ್ತಲಿಗೆ ನಿಜವಾದ ಹುಳ ಬಂದಿದ್ದು ಆವತ್ತೊಂದೇ ದಿನ ಕಣ್ರೀ."

ಛತ್ರಿಯ ಕಡ್ಡಿ ಹಿಡಿದು ಅರ್ಧ ಗಂಟೆ ಒದ್ದಾಡಿ ಹತ್ತೊಂಬತ್ತು ತೂತು ಕೊರೆದಿದ್ದ ಆ ಹುಳ, ತಲೆಯ ಮೇಲಿನ ಗೋಣಿಚೀಲವನ್ನು ಮೆಲ್ಲಗೆ ಮುಖದ ಮೇಲೆ ಎಳೆದುಕೊಂಡಿತು.