ಒಂದು ಗೇಣು ತೊಗಲು

ಆಗ ನನಗೆ ಎಂಟು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ಇವತ್ತು ಚನ್ನರಾಯಪಟ್ಟಣದಲ್ಲಿ ಚಪ್ಪಲಿ ಹೊಲಿಸುವಾಗ ಬಂದ ತೊಗಲಿನ ವಾಸನೆಗೆ ನೆನಪಾಯಿತು.

ಅಪ್ಪ ಕ್ಷೌರ ಮಾಡುತ್ತಿದ್ದ. ಕತ್ತಿ ಮಸೆಯಲು ಇದ್ದದ್ದು ಒಂದೇ ತೊಗಲು ಪಟ್ಟಿ, ಹರಳೆಣ್ಣೆ ಕುಡಿದು ಕಪ್ಪಗೆ ನುಣ್ಣಗಾಗಿತ್ತು. ಮಧ್ಯಾಹ್ನ ಅವನು ಮಲಗಿದ್ದಾಗ ನಾನು ಕದ್ದು ಮಸೆದೆ. ಬೆನ್ನು ಮುಂದಾಗಿ ಎಳೆಯಬೇಕಾದ ಕತ್ತಿಯನ್ನು ಹರಿತದ ಬಾಯಿ ಮುಂದಾಗಿ ಎಳೆದೆ. ತುದಿಯಿಂದ ಒಂದು ಗೇಣು ಮೇಲೆ ಪಟ್ಟಿಗೆ ಕಚ್ಚು ಬಿತ್ತು. ಬೆಳಗಾದರೆ ಮದುವೆ ಗಂಡಿನ ಕ್ಷೌರ.

"ಎಣ್ಣುಡ್ಗಿಗೆ ಕತ್ತಿ ಯಾಕ್ ಬೇಕಿತ್ತೇ?" ಎಂದು ಅಜ್ಜಿ ಬೆನ್ನಿಗೆ ಗುದ್ದಿದಳು.

ಅಪ್ಪ ಬೈಯಲಿಲ್ಲ. ಕಚ್ಚು ಬಿದ್ದಲ್ಲಿಗೇ ಪಟ್ಟಿ ಕೊಯ್ದು, ಉದ್ದ ತುಂಡಿಗೆ ಹೊಸ ಹಿಡಿ ಹೊಲಿದ. ಗಿಡ್ಡ ತುಂಡಿಗೂ ಕುಣಿಕೆ ಹಾಕಿ, ನನ್ನನ್ನು ಗೋಡೆಗೆ ನಿಲ್ಲಿಸಿ, ನನ್ನ ಎದೆಯ ಎತ್ತರಕ್ಕೆ ಮೊಳೆ ಹೊಡೆದ.

"ಇನ್ಮೇಲೆ ಕದ್ದು ಮಸೀಬ್ಯಾಡ ಕಣಮ್ಮಿ, ಇದು ನಿಂದು. ಬೆನ್ನು ಮುಂದ್ಕಿರ್ಲಿ, ಬಾಯಿ ಇಂದ್ಕಿರ್ಲಿ."

"ಊರೋರು ನಗ್ತಾರೆ ಕಣ್ಲಾ," ಅಂದಳು ಅಜ್ಜಿ.

"ನಗ್ಲಿ ಬುಡವ್ವ. ನಕ್ಕೋರೂ ಗಡ್ಡ ಬುಟ್ಕಂಡು ನಮ್ ಬಾಗ್ಲಿಗೇ ಬರ್ಬೇಕು."

ಮರುದಿನ ಬೆಳಿಗ್ಗೆ ಮದುವೆ ಗಂಡು ಬಂದು ಕೂತ. ನಾನು ನನ್ನ ಪಟ್ಟಿಯ ಮೇಲೆ ಇಪ್ಪತ್ತು ಸಲ, ಬೆನ್ನು ಮುಂದಾಗಿಯೇ ಎಳೆದು, ಕತ್ತಿಯನ್ನು ಅಪ್ಪನ ಕೈಗೆ ಕೊಟ್ಟೆ.