ಯೋರ್ಗನ ಕೋಟು

"ನಿನ್ನ ಗಂಡನ ಕೋಟು ಕೊಡು, ಬೇಗ!" ಎಂದರು ಹೈಡೆಗ್ಗರ್, ಅಪೊಲೋನಿಯಾಳ ಬಾಗಿಲಲ್ಲಿ ನಿಂತು. ನಿನ್ನೆ ಸಂಜೆ ಪೋಲೆಂಡಿನ ಕುದುರೆ ದಂಡು ಬೆಟ್ಟದಿಂದ ಇಳಿದು ತುರ್ಕರನ್ನು ಅಟ್ಟಿತ್ತು. ವಿಯೆನ್ನಾದ ಎರಡು ತಿಂಗಳ ಮುತ್ತಿಗೆ ಮುರಿದಿತ್ತು. ಆ ಎರಡು ತಿಂಗಳೂ ಬೀದಿಯ ಕಾವಲುಪಡೆಯ ಈ ನಾಯಕರು ಕಾಲುನೋವೆಂದು ನೆಲಮಾಳಿಗೆಯಲ್ಲೇ ಮಲಗಿದ್ದರು. ಈಗ ಗೆದ್ದ ಪೋಲೆಂಡಿನ ದೊರೆಯನ್ನು ಬರಮಾಡಿಕೊಳ್ಳಲು ಓಡುತ್ತಲೇ ಬಂದಿದ್ದರು.

"ನನ್ನ ಕೋಟು ಮದುವೆಗೆ ಹೊರಟ ಹಾಗಿದೆ. ಯುದ್ಧ ಮಾಡಿದೋನ ಥರ ಕಾಣಬೇಕಲ್ಲ!"

ಅವಳು ಕೋಟು ತಂದು ಕೈಗಿಟ್ಟಳು. ಗಾರೆ ಕೆಲಸದ ಯೋರ್ಗ್ ಒಡೆದ ಕೋಟೆಗೋಡೆಗೆ ಕಲ್ಲು ಒಟ್ಟುತ್ತಾ ಅದನ್ನು ತೊಟ್ಟೇ ಸತ್ತಿದ್ದ. ಮದ್ದಿನ ಮಸಿ ಕಂಡು ಹೈಡೆಗ್ಗರ್ ಹಿಗ್ಗಿದರು. ತೊಟ್ಟು ಸವರಿಕೊಳ್ಳುವಾಗ ಬೆರಳು ಎದೆಯ ಮೇಲಿನ ತೂತಿಗೆ ಸಿಕ್ಕಿತು.

"ಇದೊಂದನ್ನ ಹೊಲಿದುಕೊಡು. ಇಲ್ಲಿ ಗುಂಡು ಬಿದ್ದೋನು ಹೇಗೆ ಬದುಕಿದ ಅಂತ ಯಾರಾದ್ರೂ ಕೇಳಿದ್ರೆ?"

"ಯಾರೂ ಕೇಳಲ್ಲ ಸ್ವಾಮಿ," ಎಂದಳು ಅಪೊಲೋನಿಯಾ, ಅವರ ಮೈಮೇಲಿಂದ ಕೋಟನ್ನು ಎಳೆದುಕೊಳ್ಳುತ್ತಾ. "ನಿಮ್ಮನ್ನ ನೋಡಿದ್ರೇನೇ ಗೊತ್ತಾಗುತ್ತೆ, ಅಲ್ಲಿ ಎದೆ ಅನ್ನೋದೇ ಇರಲಿಲ್ಲ ಅಂತ."