ಚೆಂಡಿನ ದಾರಿ

ಸೋಮಶೇಖರ ಮೆಲ್ಲಗೆ ತಟ್ಟಿದ ಚೆಂಡು ಕುಳಿಯತ್ತ ನೇರವಾಗಿ ಉರುಳಿತು. ಇನ್ನು ಎರಡು ಗೇಣು ಎನ್ನುವಾಗ ಮರಳಿನಲ್ಲಿ ಏನನ್ನೋ ಎಡವಿದಂತೆ ಹೊರಳಿ, ಕುಳಿಯ ಪಕ್ಕದಲ್ಲಿ ಹಾದುಹೋಗಿ ನಿಂತಿತು.

“ಏ ಯಮನವ್ವಾ! ಇದೇನ ಸವರೂದು? ಎಮ್ಮಿ ಹಾದು ಹೋದಂಗ ಐತಲ್ಲ!” ಅವನು ಗಾಲ್ಫ್ ಕೋಲನ್ನು ನೆಲಕ್ಕೆ ಕುಟ್ಟಿದ. “ನಾಳೆಯಿಂದ ನೀ ಕೆಲಸಕ್ಕ ಬರೂದು ಬ್ಯಾಡ.”

ಧುಪದಾಳದ ಒಡ್ಡಿನ ಮೇಲ್ಭಾಗದಲ್ಲಿದ್ದ ಆ ಚಿಕ್ಕ ಗಾಲ್ಫ್ ಮೈದಾನದಲ್ಲಿ ಕುಳಿಗಳ ಸುತ್ತ ಹುಲ್ಲು ಇರಲಿಲ್ಲ, ಎಣ್ಣೆ ಬೆರೆಸಿದ ಮರಳು ಹಾಸಿತ್ತು. ಆಟಗಾರ ಕೊನೆಯ ಹೊಡೆತಕ್ಕೆ ನಿಲ್ಲುವ ಮುಂಚೆ ಚೆಂಡಿನಿಂದ ಕುಳಿಯವರೆಗೆ ಹಲಗೆ ಎಳೆದು ದಾರಿ ಸವರಿ ಕೊಡುವುದು ಯಮನವ್ವನ ಕೆಲಸ. ಸವರಿದ ದಾರಿಯನ್ನು ಆಮೇಲೆ ಯಾರೂ ತುಳಿಯಬಾರದು. ಕಣಕ್ಕೆ ಹೇಗೋ ಹಾಗೆ, ಈ ಮರಳಿಗೂ ಯಮನವ್ವ ಬರಿಗಾಲಲ್ಲೇ ಬರುತ್ತಿದ್ದಳು. ಮೂಡಲಗಿಯಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ಸೋಮಶೇಖರ ಮೈದಾನದ ಕ್ಯಾಪ್ಟನ್. ಅವನು ಬೇಡವೆಂದರೆ ಅವಳ ಕೆಲಸ ಅಲ್ಲಿಗೆ ಮುಗಿಯಿತು.

“ಸವರೇನ್ರಿ ಸಾಹೇಬ್ರ. ಅಂಗೈಯಂಗ ಆಗಿತ್ರಿ,” ಎಂದಷ್ಟೇ ಹೇಳಿ ಯಮನವ್ವ ಹಲಗೆಯ ಹಗ್ಗವನ್ನು ಕೈಗೆ ಸುತ್ತಿಕೊಂಡಳು.

ಕುಳಿಯ ಗುರುತಿಗೆ ನೆಟ್ಟಿದ್ದ ಬಾವುಟವನ್ನು ಕಿತ್ತು ಹಿಡಿದು ದಾಕ್ಷಾಯಿಣಿ ಅತ್ತ ನಿಂತಿದ್ದಳು. ಹುಕ್ಕೇರಿಯ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದ ಅವಳು ಆ ಮೈದಾನದಲ್ಲಿ ಆಡುವ ಒಬ್ಬಳೇ ಹೆಂಗಸು. ತನ್ನಿಂದ ಎಲ್ಲಿ ತಪ್ಪಾದೀತೋ ಎಂಬ ಹೆದರಿಕೆಯಿಂದಲೇ ಆಟದ ಮರ್ಯಾದೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಇನ್ನೊಬ್ಬರು ಹೊಡೆಯುವಾಗ ಮಾತಾಡಬಾರದು. ನೆರಳು ಅವರ ಚೆಂಡಿನ ಮೇಲೆ ಬೀಳಬಾರದು. ಕೋಲಿಗೆ ಕಿತ್ತು ಬಂದ ಹುಲ್ಲಿನ ಹೆಂಟೆಯನ್ನು ಮರಳಿ ಕೂರಿಸಿ ತುಳಿಯಬೇಕು. ತನ್ನ ಮೇಲೆ ಇಟ್ಟ ಕಣ್ಣನ್ನು ಕ್ರಮೇಣ ಎಲ್ಲರ ಮೇಲೂ ಇಡತೊಡಗಿದ್ದಳು. ಸೋಮಶೇಖರ ಪುಣೆಯಿಂದ ತರಿಸಿದ ಮುಳ್ಳಿನ ಬೂಟು ಹಾಕಿಕೊಂಡು ಕುಳಿಯ ಸುತ್ತ ಅಡ್ಡಾಡಿದ್ದನ್ನು ಅವಳು ಈಗಷ್ಟೇ ನೋಡಿದ್ದಳು.

ಸುಮ್ಮನಿರಬಾರದು ಎಂದುಕೊಂಡಳು.

“ಸರ, ಆಕಿ ಸವರಿದ್ದನ್ನ ನಾ ನೋಡೇನ್ರಿ. ಆಮ್ಯಾಲೆ ಯಾರೋ ತುಳದಾರ.”

“ಯಾರ ತುಳೀತಾರ್ರಿ ಬಾಯಾರ? ದೆವ್ವ ತುಳೀತೇನ್ರಿ?”

“ಬೂಟಿನ ಗುರುತ ನೋಡೂಣಲ್ರಿ. ಬೂಟಿಂದ ಇದ್ರ ಆಕಿನ್ನ ಯಾಕ ಬಿಡಸ್ತೀರಿ? ಯಾರ ಬೂಟೋ, ಅವರ ನಾಳೆಯಿಂದ ಬರಬಾರದು.”

ಅವಳು ಮರಳಿನತ್ತ ಬಾವುಟ ತೋರಿಸಿದಳು.

ಸೋಮಶೇಖರ ನಕ್ಕ. “ನನ್ನ ಮ್ಯಾಲ ಗುರಿ ಇಟ್ಟೀರಿ ಅಂದಂಗಾತು! ಆಗ್ಲಿ. ನಂದ ಇದ್ರ ನಾನೂ ಬರೂದಿಲ್ಲ. ಮಾತಂದ್ರ ಮಾತು. ನೋಡ್ರಿ ನೀವ, ನನ್ನ ಕನ್ನಡಕ ಗಾಡ್ಯಾಗ ಐತಿ.”

ದಾಕ್ಷಾಯಿಣಿ ಮರಳಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಬಗ್ಗಿದಳು. ಅವನ ಬೂಟಿನ ಗುರುತುಗಳು ಆಚೆ ಬದಿಗಿದ್ದವು, ರೊಟ್ಟಿಗೆ ಎಳ್ಳು ಹಚ್ಚಿದ ಹಾಗೆ ಚುಕ್ಕಿ ಚುಕ್ಕಿ. ಅವನು ದಾರಿಯಿಂದ ದೂರವೇ ಅಡ್ಡಾಡಿದ್ದ. ಚೆಂಡು ಎಡವಿದ ಕಡೆ ಒಂದೇ ಒಂದು ಹಿಮ್ಮಡಿ ಮೂಡಿತ್ತು. ಅದರಲ್ಲಿ ಚುಕ್ಕಿಗಳಿಲ್ಲ, ಅಲೆಯಂಥ ಗೆರೆಗಳು.

ಗೋಕಾಕದ ಪೇಟೆಯಲ್ಲಿ ಅವಳು ಕೊಂಡ ಕ್ಯಾನ್ವಾಸ್ ಬೂಟಿನ ಗೆರೆಗಳು.

ಸೋಮಶೇಖರ ಹೊಡೆಯಲು ಬಾಗಿದಾಗ ಕುಳಿಯಲ್ಲಿ ಬಾವುಟ ಹಾಗೇ ಇದ್ದುದು ಅವಳಿಗೆ ಕಂಡಿತ್ತು. ಹತ್ತಿರ ಇದ್ದವರು ಅದನ್ನು ತೆಗೆಯುವುದು ಮರ್ಯಾದೆ ಎಂದು ಓಡಿಹೋಗಿ ಕಿತ್ತಿದ್ದಳು. ಓಡಿದ ಅವಸರದಲ್ಲಿ ಕಾಲು ಎಲ್ಲಿ ಇಟ್ಟೆ ಎಂಬುದು ನೆನಪಾಗಲಿಲ್ಲ.

ಕೈಯಲ್ಲಿದ್ದ ಬಾವುಟದ ತುದಿ ಆ ಗುರುತಿನಿಂದ ನಾಲ್ಕು ಬೆರಳು ದೂರದಲ್ಲಿತ್ತು. ಒಮ್ಮೆ ಎಳೆದರೆ ಏನೂ ಉಳಿಯುತ್ತಿರಲಿಲ್ಲ. ಸೋಮಶೇಖರನಿಗೆ ಕಾಣುವುದಿಲ್ಲ. ಯಮನವ್ವ ನದಿಯ ಕಡೆ ಮುಖ ಮಾಡಿ ನಿಂತಿದ್ದಾಳೆ. ಗುರುತು ಯಾರದೋ ತಿಳಿಯಲಿಲ್ಲ ಎಂದರೆ ಮುಗಿಯಿತು. ಆದರೆ ಆಗ ನಾಳೆಯಿಂದ ಬರದೇ ಇರಬೇಕಾದವಳು ಯಮನವ್ವ.

ದಾಕ್ಷಾಯಿಣಿ ಎದ್ದಳು. ಗುರುತಿನ ಪಕ್ಕದಲ್ಲೇ ಬಲಗಾಲನ್ನು ಊರಿ, ಒತ್ತಿ, ಎತ್ತಿದಳು. ಮರಳಿನಲ್ಲಿ ಎರಡು ಹಿಮ್ಮಡಿಗಳು ಜೋಡಿಯಾಗಿ ಕುಳಿತವು.

“ನಂದ್ರಿ,” ಎಂದಳು.

ಸೋಮಶೇಖರ ಕಣ್ಣು ಕಿರಿದು ಮಾಡಿ ಅವಳನ್ನೂ ಮರಳನ್ನೂ ನೋಡಿದ. “ಹೋಗ್ಲಿ ಬಿಡ್ರಿ ಬಾಯಾರ. ಮಾತಿಗೆ ಅಂದದ್ದು.”

“ಮಾತಂದ್ರ ಮಾತು ಅಂದ್ರಲ್ರಿ. ನಾಳೆಯಿಂದ ನಾ ಬರೂದಿಲ್ಲ.”

“ಅಂದೆ…” ಅವನು ತಲೆ ಕೆರೆದುಕೊಂಡ. “ಹಂಗಾರ ನಂಗ ಇನ್ನೊಂದ ಹೊಡತ ಕೊಡಸ್ರಿ. ಯಮನವ್ವಾ, ಸವರವಾ, ಸವರು. ಕೆಲಸ ಬಿಡಂದದ್ದು ಮರತ ಬಿಡು.”

ಯಮನವ್ವ ಹಲಗೆ ಎಳೆದಳು. ಎರಡು ಗುರುತುಗಳೂ ಅಳಿಸಿ ಹೋದವು. ಈ ಸಲ ಚೆಂಡು ಕುಳಿಗೆ ಬಿತ್ತು. ಸೋಮಶೇಖರ ಕುಣಿಯುವುದೊಂದು ಬಾಕಿ.

ದಾಕ್ಷಾಯಿಣಿ ತನ್ನ ಏಳು ಕೋಲುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕಿಟ್ಟಳು. ಬೇರೆಯವರು ಬಳಸಿ ಮಾರಿದವು, ಆದರೂ ಒಂದಕ್ಕೂ ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ. ಗೇಟಿನವರೆಗೆ ಹಿಂದೆ ಬಂದ ಯಮನವ್ವ ಚೀಲವನ್ನು ಸ್ಕೂಟಿಯ ಮುಂದೆ ಇಡಲು ಕೈ ಕೊಟ್ಟಳು.

“ನನ್ನಿಂದ ನಿನ್ನ ಕೆಲಸ ಹೋಗತಿತ್ತು ಯಮನವ್ವಾ. ನಂಗ ಗೊತ್ತ ಆಗಲಿಲ್ಲ.”

“ನಂಗ ಗೊತ್ತಿತ್ರಿ ಅಕ್ಕಾರ,” ಎಂದಳು ಯಮನವ್ವ, ಚೀಲದ ಪಟ್ಟಿ ಬಿಗಿಯುತ್ತ. “ನಿಮ್ಮೆಲ್ಲಾರ ಹೆಜ್ಜಿ ಅಳಸಾಕಿ ನಾನ ಅಲ್ಲೇನ್ರಿ? ಬಾವುಟ ಕೀಳಾಕ ಓಡಿ ಬಂದು ನೀವು ಪ್ರತಿ ಆಯಿತವಾರ ಅಲ್ಲೇ ತುಳೀತೀರಿ. ಚೆಂಡು ಎಡವಿದ್ದು ಇವತ್ತ ಅಷ್ಟ.”